ಶಾಲೆಗೆ ವಾದ್ಯ, ನಾಟಕ ಕಲಿಸುವ ಮೇಷ್ಟ್ರನ್ನು ಹುಡುಕುವುದು, ಉಳಿಸಿಕೊಳ್ಳುವುದು ಹೇಗೆ?

ಶಾಲೆಯಲ್ಲಿ ವಾದ್ಯಸಂಗೀತ, ನಾಟಕ ಶುರು ಮಾಡೋಣ ಅಂತ ತೀರ್ಮಾನ ಆದ ಕೂಡಲೇ ಸಾಮಾನ್ಯವಾಗಿ ಮೊದಲು ನಡೆಯುವುದು ಖರೀದಿ. ಹತ್ತು ಕೀಬೋರ್ಡ್, ಹತ್ತು ಗಿಟಾರ್, ಒಂದು ಡ್ರಮ್ ಸೆಟ್ ಬಂದು ಕೋಣೆ ತುಂಬುತ್ತವೆ. ಫೋಟೊ ತೆಗೆದು ಅಡ್ಮಿಷನ್ ಪಾಂಪ್ಲೆಟ್‌ನಲ್ಲಿ ಹಾಕುತ್ತಾರೆ. ಕಲಿಸುವವರು ಯಾರು ಅನ್ನುವ ಮಾತು ಬರುವುದು ಆಮೇಲೆ. ದಯವಿಟ್ಟು ಹೀಗೆ ಮಾಡಬೇಡಿ. ಮೊದಲು ಮೇಷ್ಟ್ರು, ಆಮೇಲೆ ವಾದ್ಯ. ಯಾವ ವಾದ್ಯ, ಯಾವ ಅಳತೆ, ಯಾವ ಶ್ರುತಿ, ಎಷ್ಟು ಬೇಕು, ಎಲ್ಲಿಂದ ತರಬೇಕು ಅಂತ ಹೇಳಬೇಕಾದವರೇ ಅವರು. ಅವರಿಲ್ಲದೆ ಕೊಂಡ ವಾದ್ಯಗಳಲ್ಲಿ ಅರ್ಧ ಬೀರುವಿನಲ್ಲೇ ಉಳಿಯುತ್ತವೆ.

ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯವರು, ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿರುವ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರು, ಊರಿನ ಶಾಲೆಗೆ ಏನಾದರೂ ಮಾಡಬೇಕು ಅಂತಿರುವ ಹಳೆ ವಿದ್ಯಾರ್ಥಿಗಳು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದುಡ್ಡು ಜಾಸ್ತಿ ಇರುವ ಶಾಲೆಗೂ ಕಡಿಮೆ ಇರುವ ಶಾಲೆಗೂ ಇದರಲ್ಲಿ ಬಹುಪಾಲು ಒಂದೇ.

ಮೊದಲು ನಿಮ್ಮ ಊರಿನ ಸುತ್ತ ನೋಡಿ

ಏನು ಕಲಿಸಬೇಕು ಅಂತ ಮೊದಲೇ ತೀರ್ಮಾನಿಸಿ ಆಮೇಲೆ ಜನರನ್ನು ಹುಡುಕಬೇಡಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಒಳಗೆ ಚೆನ್ನಾಗಿ ಕಲಿಸುವವರು ಯಾರಿದ್ದಾರೆ ನೋಡಿ, ಅದರ ಮೇಲೆ ಕಾರ್ಯಕ್ರಮ ಕಟ್ಟಿ. ಬೆಂಗಳೂರಿನಿಂದ ವಾರಕ್ಕೊಮ್ಮೆ ಬಂದು ಹೋಗುವ ದೊಡ್ಡ ಹೆಸರಿಗಿಂತ, ಪಕ್ಕದ ಊರಿನಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುವ ಮೇಷ್ಟ್ರು ನೂರು ಪಾಲು ಮೇಲು. ಮಕ್ಕಳಿಗೆ ಬೇಕಾಗಿರುವುದು ಬಿಡದೆ ಬರುವವರು.

ಪ್ರತಿ ಭಾಗಕ್ಕೂ ಅದರದ್ದೇ ಬಲ ಇದೆ. ಗದಗ, ಧಾರವಾಡ, ಹುಬ್ಬಳ್ಳಿ ಕಡೆ ಇದ್ದರೆ ಹಾರ್ಮೋನಿಯಂ, ತಬಲಾ, ಹಿಂದೂಸ್ತಾನಿ ಹಾಡುಗಾರಿಕೆಯವರು ಸಿಗುತ್ತಾರೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಉತ್ತರ ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಪಾಠ ಹೇಳಿದ್ದಾರೆ. ಅವರಲ್ಲಿ ಕಣ್ಣು ಕಾಣದವರೂ ಇದ್ದಾರೆ. ಕಣ್ಣು ಕಾಣದ ಮೇಷ್ಟ್ರು ಗದ್ದಲದ ತರಗತಿಯನ್ನು ಹೇಗೆ ಸಂಭಾಳಿಸುತ್ತಾರೆ ಅಂತ ಕೆಲವರು ಹಿಂಜರಿಯುತ್ತಾರೆ. ಒಂದು ಸಲ ಅವರ ಪಾಠ ಕೇಳಿ. ಯಾವ ಮೂಲೆಯ ಮಗುವಿನ ಸ್ವರ ಜಾರಿತು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ತರಗತಿಯಲ್ಲಿ ಇನ್ನೊಬ್ಬ ಟೀಚರ್ ಜೊತೆಗಿದ್ದರೆ ಸಾಕು.

ಮೈಸೂರು, ಬೆಂಗಳೂರಿನ ಕಡೆ ಪಿಟೀಲು, ವೀಣೆ, ಕೊಳಲು, ಮೃದಂಗದವರು ಹೆಚ್ಚು. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು, ಅದೇ ಊರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಿಂದ ಪದವಿ ಮುಗಿಸಿ ಬರುವ ಹುಡುಗ ಹುಡುಗಿಯರು ಕೆಲಸ ಹುಡುಕುತ್ತಿರುತ್ತಾರೆ. ಆ ವಿಭಾಗಗಳಿಗೆ ನೇರವಾಗಿ ಪತ್ರ ಬರೆಯಿರಿ. ಪೇಪರಿನಲ್ಲಿ ಜಾಹೀರಾತು ಕೊಡುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಯಕ್ಷಗಾನ ಬಿಟ್ಟು ಬೇರೆ ಹುಡುಕುವ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ. ಹಾಡು, ಚೆಂಡೆ, ಮದ್ದಳೆ, ಕುಣಿತ, ಮಾತುಗಾರಿಕೆ, ಬಣ್ಣಗಾರಿಕೆ ಎಲ್ಲ ಒಂದೇ ಕಡೆ ಸಿಗುವ ಇನ್ನೊಂದು ಕಲೆ ತೋರಿಸಿ ನೋಡೋಣ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಮಕ್ಕಳಿಗೆ ಕಲಿಸಿ ರಂಗಕ್ಕೆ ಹತ್ತಿಸುತ್ತದೆ. ಒಂದೇ ಶಾಲೆಯ ಕೈಯಲ್ಲಿ ಆಗದ್ದನ್ನು ಹತ್ತಾರು ಶಾಲೆಗಳು ಸೇರಿ ಮಾಡುವ ದಾರಿ ಇದು. ಬೇರೆ ಜಿಲ್ಲೆಯವರೂ ನೋಡಿ ಬರಬೇಕು. ನಾಲ್ಕು ಶಾಲೆಗಳು ಸೇರಿ ಒಬ್ಬ ಮೃದಂಗದ ಮೇಷ್ಟ್ರಿಗೆ ಪೂರ್ತಿ ತಿಂಗಳ ಸಂಬಳ ಕೊಡುವುದು ಯಾರಿಗೂ ಭಾರ ಅಲ್ಲ.

ಡೊಳ್ಳು, ಕಂಸಾಳೆ, ವೀರಗಾಸೆ, ಕರಡಿ ಮಜಲು ಊರಲ್ಲಿದ್ದರೆ ಆ ತಂಡದ ಹಿರಿಯರನ್ನು ಕರೆಸಿ. ಅವರಲ್ಲಿ ಸರ್ಟಿಫಿಕೇಟ್ ಇರಲಿಕ್ಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಪ್ರತಿ ಶಾಲೆ ಅಥವಾ ಶಾಲಾ ಸಂಕೀರ್ಣದಲ್ಲಿ (ಹತ್ತಿರದ ಶಾಲೆಗಳ ಗುಂಪು) ಕಲಾವಿದರು ಉಳಿದು ಮಕ್ಕಳೊಡನೆ ಕೆಲಸ ಮಾಡುವಂತಾಗಬೇಕು ಅಂತ ಹೇಳಿದೆ. ಮೇಲಿನವರು ಕಾಗದ ಕೇಳಿದರೆ ಅದನ್ನು ತೋರಿಸಿ, ಗೌರವಧನದ ಲೆಕ್ಕದಲ್ಲಿ ತೆಗೆದುಕೊಳ್ಳಿ.

ನಾಟಕಕ್ಕೆ ನಮ್ಮ ರಾಜ್ಯದಲ್ಲಿ ತರಬೇತಾದವರ ಕೊರತೆ ನಿಜಕ್ಕೂ ಇಲ್ಲ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಮೈಸೂರಿನ ರಂಗಾಯಣ, ಸಾಣೇಹಳ್ಳಿಯ ರಂಗಶಾಲೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ, ಇಲ್ಲೆಲ್ಲ ಕಲಿತವರು ಊರೂರಿನಲ್ಲಿದ್ದಾರೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದವರು ಯಾರು ಅಂತ ಅಲ್ಲೇ ವಿಚಾರಿಸಿ. ದೊಡ್ಡವರ ನಾಟಕದಲ್ಲಿ ಚೆನ್ನಾಗಿ ನಟಿಸುವವರೆಲ್ಲ ಮಕ್ಕಳಿಗೆ ಕಲಿಸಬಲ್ಲರು ಅಂತಿಲ್ಲ.

ಸರ್ಟಿಫಿಕೇಟ್ ನೋಡುವಾಗ

ಸಂಗೀತ ಗೊತ್ತಿಲ್ಲದ ಮುಖ್ಯೋಪಾಧ್ಯಾಯರಿಗೆ ಇದು ಸ್ವಲ್ಪ ಗೊಂದಲ. ಚುಟುಕಾಗಿ ಹೇಳಿಬಿಡುತ್ತೇನೆ. ರಾಜ್ಯದ ಸಂಗೀತ ಪರೀಕ್ಷೆಗಳಲ್ಲಿ ಜೂನಿಯರ್, ಸೀನಿಯರ್, ಆಮೇಲೆ ವಿದ್ವತ್ ಅಂತ ಹಂತಗಳು. ಹಾಡುಗಾರಿಕೆ, ತಂತಿ ವಾದ್ಯ, ತಾಳವಾದ್ಯ, ನೃತ್ಯ ಎಲ್ಲಕ್ಕೂ ಬೇರೆ ಬೇರೆ ಇದೆ. ಆದ್ದರಿಂದ ವಿದ್ವತ್ ಅಂತ ಬರೆದಿದ್ದರೆ ಯಾವುದರಲ್ಲಿ ಅಂತ ಓದಿ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ್ದಾದರೆ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ. ಪಾಶ್ಚಾತ್ಯ ಸಂಗೀತದಲ್ಲಿ ಟ್ರಿನಿಟಿ ಕಾಲೇಜ್ ಲಂಡನ್ ಅಥವಾ ಎಬಿಆರ್‌ಎಸ್‌ಎಂ ಅನ್ನುವ ಬ್ರಿಟನ್ನಿನ ಪರೀಕ್ಷಾ ಸಂಸ್ಥೆಗಳ ಗ್ರೇಡ್‌ಗಳು 8ರವರೆಗೆ, ಅದರ ಮೇಲೆ ಡಿಪ್ಲೊಮಾ.

ಕಾಗದ ಹೇಳುವುದು ಅವರಿಗೆ ಎಷ್ಟು ಬರುತ್ತದೆ ಅಂತ ಮಾತ್ರ. ಕಲಿಸಲು ಬರುತ್ತದೋ ಇಲ್ಲವೋ ಹೇಳುವುದಿಲ್ಲ. ಸೀನಿಯರ್ ಮುಗಿಸಿ ಹತ್ತು ವರ್ಷ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಒಬ್ಬ ಅಮ್ಮ, ಕಚೇರಿ ಮಾಡುವ ವಿದ್ವಾಂಸರಿಗಿಂತ 5ನೇ ತರಗತಿಗೆ ಚೆನ್ನಾಗಿ ಹೊಂದಬಹುದು.

ಇನ್ನೊಂದು ವಿಷಯ. ಒಬ್ಬರೇ ಎಲ್ಲ ವಾದ್ಯ ಕಲಿಸುತ್ತಾರೆ ಅಂದರೆ ಹುಷಾರಾಗಿರಿ. ತಂತಿ, ಗಾಳಿ, ಚರ್ಮ, ಮೂರಕ್ಕೂ ಕೈ ಬೇರೆ, ಉಸಿರು ಬೇರೆ, ವರ್ಷಗಟ್ಟಲೆ ಸಾಧನೆ ಬೇರೆ. ಕರ್ನಾಟಕ ಪಿಟೀಲಿನವರನ್ನು ಪಾಶ್ಚಾತ್ಯ ವಯಲಿನ್ ಕೂಡ ಹೇಳಿಕೊಡಿ ಅಂತ ಒತ್ತಾಯಿಸುವುದೂ ಸರಿಯಲ್ಲ. ವಾದ್ಯ ಒಂದೇ ಇರಬಹುದು. ಆದರೆ ನಮ್ಮವರು ನೆಲದ ಮೇಲೆ ಕೂತು ತುದಿಯನ್ನು ಪಾದದ ಮೇಲೆ ಊರಿ ಷಡ್ಜ ಪಂಚಮಕ್ಕೆ (ಸ, ಪ ಸ್ವರಗಳಿಗೆ) ತಂತಿ ಕಟ್ಟುತ್ತಾರೆ, ಅವರು ನಿಂತು ಗದ್ದಕ್ಕೆ ಒತ್ತಿ ಹಿಡಿದು ಜಿ, ಡಿ, ಎ, ಇ ಅಂತ ಕಟ್ಟುತ್ತಾರೆ, ಬೆರಳು ಜಾರಿಸಿ ಗಮಕ ತೆಗೆಯುವ ರೀತಿಯಂತೂ ಪೂರ್ತಿ ಬೇರೆ. ಮೈಸೂರು ಅರಮನೆಯಲ್ಲಿ ಎರಡೂ ಇದ್ದವು, ಎರಡಕ್ಕೂ ಬೇರೆ ಬೇರೆ ಗುರುಗಳಿದ್ದರು. ನಿಮ್ಮ ಶಾಲೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ.

ಸಿಬಿಎಸ್‌ಇ ಶಾಲೆಯಾದರೆ 9ರಿಂದ 12ರವರೆಗೆ ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲೂ ಹಾಡುಗಾರಿಕೆ, ಸ್ವರವಾದ್ಯ, ತಾಳವಾದ್ಯಗಳನ್ನು ಪ್ರತ್ಯೇಕ ವಿಷಯಗಳಾಗಿ ತೆಗೆದುಕೊಳ್ಳುವ ಅವಕಾಶ ಇದೆ. ಮುಂದೆ ಆ ದಾರಿಯಲ್ಲಿ ಹೋಗುವ ಯೋಚನೆ ಇದ್ದರೆ ಪಠ್ಯಕ್ರಮ ನೋಡಿಕೊಂಡು ಅದಕ್ಕೆ ತಕ್ಕವರನ್ನು ಈಗಲೇ ಹುಡುಕಿ.

ಡೆಮೊ ಕ್ಲಾಸ್: ಇಲ್ಲಿ ಮಾತ್ರ ಆತುರ ಬೇಡ

ನೇಮಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಸಾಮಾನ್ಯವಾಗಿ ಏನು ಮಾಡುತ್ತಾರೆ? ಆಫೀಸಿಗೆ ಕರೆದು ಒಂದು ಕೃತಿ ನುಡಿಸಿ ಅನ್ನುತ್ತಾರೆ. ಚೆನ್ನಾಗಿತ್ತು ಅಂತ ತಲೆಯಾಡಿಸಿ ಸಂಬಳದ ಮಾತಿಗೆ ಹೋಗುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಹೀಗೆ ಮಾಡಿ. ಆ ವಾದ್ಯವನ್ನು ಮುಟ್ಟೇ ಇಲ್ಲದ 5ನೇ ತರಗತಿಯ ಹನ್ನೆರಡು ಮಕ್ಕಳು, ನಾಲ್ಕು ವಾದ್ಯ, ನಲವತ್ತು ನಿಮಿಷ. ಮೂರು ನಾಲ್ಕು ದಿನ ಮೊದಲೇ ತಿಳಿಸಿ, ವಾದ್ಯ ಅವರೇ ತರುವುದಾದರೆ ಅದರ ಖರ್ಚು, ಬಂದು ಹೋದ ಖರ್ಚು ಕೊಡಿ. ಕೋಣೆಯ ಹಿಂದೆ ಕೂತು ಸುಮ್ನೆ ನೋಡಿ. ನಡುವೆ ಬಾಯಿ ಹಾಕಬೇಡಿ.

ಮೊದಲು ನೋಡಬೇಕಾದದ್ದು, ಅವರು ಮಕ್ಕಳು ಬರುವ ಮೊದಲೇ ಬಂದು ಶ್ರುತಿ ಮಾಡಿಟ್ಟಿದ್ದಾರಾ? ಬಂದ ಕೂಡಲೇ ವಾದ್ಯ ಕೈಗೆ ಕೊಡುತ್ತಾರಾ, ಇಲ್ಲಾ ಮೊದಲು ತಂಬೂರಿ ಹಾಕಿ ಎಲ್ಲರ ಬಾಯಲ್ಲೂ ಒಂದು ಷಡ್ಜ ತರಿಸುತ್ತಾರಾ? ಬಾಯಲ್ಲಿ ಬಂದದ್ದು ಕೈಗೆ ಬರುತ್ತದೆ. ತಾಳವಾದ್ಯದವರಾದರೆ ತ ದಿ ತೊಂ ನಂ ಅಂತ ಮೊದಲು ಹೇಳಿಸಿ, ತೊಡೆಯ ಮೇಲೆ ತಟ್ಟಿಸಿ, ಆಮೇಲೆ ಮೃದಂಗ ಕೊಡುವವರು ಸಾಮಾನ್ಯವಾಗಿ ಒಳ್ಳೆಯ ಮೇಷ್ಟ್ರೇ ಆಗಿರುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಗಮನಿಸಬೇಕಾದದ್ದು ಇದು: ಮೇಷ್ಟ್ರು ಒಂದು ಮಗುವಿನ ಪಿಟೀಲಿನ ಕಮಾನು ಹಿಡಿತ ತಿದ್ದುತ್ತಿರುವಾಗ ಉಳಿದ ಹನ್ನೊಂದು ಮಕ್ಕಳು ಏನು ಮಾಡುತ್ತಿದ್ದಾರೆ? ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಪಾಠ ಹೇಳಿ ಅಭ್ಯಾಸ ಇರುವವರು ಇಲ್ಲಿ ಸೋಲುತ್ತಾರೆ. ಆ ಒಂದು ಮಗುವಿನ ಜೊತೆ ಐದು ನಿಮಿಷ ಮುಳುಗಿಹೋಗುತ್ತಾರೆ, ಹಿಂದೆ ಎರಡು ಹುಡುಗರು ಕಮಾನಿನಲ್ಲಿ ಕತ್ತಿವರಸೆ ಶುರು ಮಾಡಿರುತ್ತಾರೆ. ತರಗತಿ ನಡೆಸಿ ಗೊತ್ತಿರುವವರು ಮೂರು ಮಕ್ಕಳಿಗೆ ಆದಿತಾಳ ಹಾಕಲು ಹೇಳಿ, ಮೂರು ಮಕ್ಕಳಿಗೆ ಸರಳೆ ವರಸೆ (ಸಂಗೀತದ ಮೊದಲ ಪಾಠ) ಹಾಡಲು ಹೇಳಿ, ಇನ್ನು ಮೂರು ಮಕ್ಕಳಿಗೆ ಪೆನ್ಸಿಲ್ ಹಿಡಿದು ಕಮಾನಿನ ಹಿಡಿತ ಅಭ್ಯಾಸ ಮಾಡಲು ಹೇಳಿ, ಆಮೇಲೆ ಉಳಿದವರ ಹತ್ತಿರ ಕೂರುತ್ತಾರೆ, ಕಿವಿ ಮಾತ್ರ ಇಡೀ ಕೋಣೆಯ ಮೇಲೆ ಇರುತ್ತದೆ. ಇಂಥವರು ಸಿಕ್ಕರೆ ಸರ್ಟಿಫಿಕೇಟ್ ನೋಡುವುದನ್ನು ನಾಳೆಗೆ ಇಟ್ಟುಕೊಳ್ಳಿ.

ಕಮಾನು ಕಿರ್ರ್ ಅಂದಾಗ ಮುಖ ಹೇಗಾಗುತ್ತದೆ ನೋಡಿ. ಮೊದಲ ತಿಂಗಳು ಎಲ್ಲ ಪಿಟೀಲೂ ಕಿರ್ರ್ ಅನ್ನಲೇಬೇಕು. ಅದಕ್ಕೆ ಮುಖ ಸಿಂಡರಿಸಿದರೆ ಮಗು ಕಮಾನನ್ನು ಮತ್ತೆ ಗಟ್ಟಿಯಾಗಿ ಎಳೆಯುವುದಿಲ್ಲ.

ಮುಗಿದ ಮೇಲೆ ಮಕ್ಕಳನ್ನು ಕಳಿಸಿ ಮೇಷ್ಟ್ರ ಜೊತೆ ಕೂತು ಕೇಳಿ: ಈ ಹನ್ನೆರಡರಲ್ಲಿ ಯಾರಿಗೆ ಕಷ್ಟ ಆಗುತ್ತದೆ, ಯಾಕೆ? ನೋಡಿದವರಿಗೆ ಉತ್ತರ ಇರುತ್ತದೆ. ಕಿಟಕಿ ಪಕ್ಕದ ಹುಡುಗಿಯ ಕಿರುಬೆರಳು ಚಿಕ್ಕದು, ಅವಳಿಗೆ ಸಣ್ಣ ಅಳತೆಯದ್ದು ಬೇಕು ಅನ್ನುತ್ತಾರೆ. ಆಮೇಲೆ, ವರ್ಷದ ಕೊನೆಗೆ ಇವರು ಏನು ನುಡಿಸುತ್ತಾರೆ ಅಂತ ಕೇಳಿ. ವಾರಕ್ಕೆ 2 ಪೀರಿಯಡ್ ಅಂದರೆ ರಜೆ, ಪರೀಕ್ಷೆ, ಸ್ಪೋರ್ಟ್ಸ್ ಡೇ ಎಲ್ಲ ಕಳೆದು ವರ್ಷಕ್ಕೆ 60 ಪೀರಿಯಡ್ ಸಿಕ್ಕರೆ ಅದೇ ದೊಡ್ಡದು. ಅಷ್ಟರಲ್ಲಿ ಸರಳೆ, ಜಂಟಿ, ಒಂದಿಷ್ಟು ಅಲಂಕಾರ ಅನ್ನುವ ಆರಂಭದ ಪಾಠಗಳು, ಸಾಧ್ಯವಾದರೆ ಒಂದು ಗೀತೆ ಅಂತ ಹೇಳುವವರು ಸತ್ಯ ಹೇಳುತ್ತಿದ್ದಾರೆ. ಎರಡು ತಿಂಗಳಲ್ಲಿ ಸಿನಿಮಾ ಹಾಡು ನುಡಿಸಿಬಿಡುತ್ತಾರೆ ಅಂತ ಭರವಸೆ ಕೊಡುವವರು ಬೆರಳಿಗೆ ನಂಬರ್ ಹಾಕಿ ಬಾಯಿಪಾಠ ಮಾಡಿಸುತ್ತಾರೆ ಅಷ್ಟೇ.

ನಾಟಕದ ಡೆಮೊಗೆ ಮೂವತ್ತು ಮಕ್ಕಳು, ಖಾಲಿ ಹಾಲ್. ಸ್ಕ್ರಿಪ್ಟ್ ಬೇಡ ಅಂತ ಮೊದಲೇ ಹೇಳಿ. ಕೂಡಲೇ ಮಾತು ಹಂಚಿ, ಹೀಗೆ ಹೇಳು ಹೀಗೆ ಕೈ ಎತ್ತು ಅಂತ ತಾವೇ ಮಾಡಿ ತೋರಿಸಿ ನಕಲು ಮಾಡಿಸುವವರಿದ್ದಾರೆ. ಆಟ ಆಡಿಸಿ, ನಡೆಸಿ, ನಿಲ್ಲಿಸಿ, ಸುಮ್ಮನಿರುವುದನ್ನು ಕಲಿಸಿ, ಮಕ್ಕಳ ಬಾಯಿಂದಲೇ ಒಂದು ಸಣ್ಣ ಸನ್ನಿವೇಶ ಹುಟ್ಟಿಸುವವರೂ ಇದ್ದಾರೆ. ನಿಮಗೆ ಬೇಕಾಗಿರುವುದು ಎರಡನೆಯವರು. ಮಾತೇ ಆಡದ ಮಗುವನ್ನು ಅವರು ಗಮನಿಸಿದರಾ ಅಂತ ನೋಡಿ. ನಲವತ್ತು ಮಕ್ಕಳಿದ್ದರೆ ನಲವತ್ತಕ್ಕೂ ಏನು ಕೆಲಸ ಕೊಡುತ್ತೀರಿ ಅಂತ ಕೇಳಿ. ಗಟ್ಟಿ ಗಂಟಲಿನ ನಾಲ್ಕು ಮಕ್ಕಳು ನಾಯಕರಾಗಿ ಉಳಿದವರು ಮರ, ಬಂಡೆ ಆಗಿ ನಿಲ್ಲುವ ನಾಟಕ ನಮ್ಮ ಶಾಲೆಗಳಲ್ಲಿ ಸಾಕಷ್ಟು ಆಗಿದೆ.

ಟೈಮ್‌ಟೇಬಲ್ ಹಾಕುವಾಗ

ಒಳ್ಳೆಯ ಮೇಷ್ಟ್ರು ಸಿಕ್ಕೂ ಎಷ್ಟೋ ಶಾಲೆಗಳಲ್ಲಿ ಕಾರ್ಯಕ್ರಮ ಸೊರಗುವುದು ಟೈಮ್‌ಟೇಬಲ್‌ನಿಂದ. ಶ್ರುತಿಯ ಲೆಕ್ಕವನ್ನೇ ನೋಡಿ. ಪಿಟೀಲಿಗೆ ನಾಲ್ಕು ತಂತಿ. ಹತ್ತು ಪಿಟೀಲು ಅಂದರೆ ನಲವತ್ತು ಬಾರಿ ಬಿರಡೆ (ತಂತಿ ಬಿಗಿಯುವ ಗೂಟ) ತಿರುಗಿಸಬೇಕು. ಮಳೆಗಾಲದಲ್ಲಿ ಬಿರಡೆ ಬಿಗಿಯುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ, ಒಂದೊಂದು ವಾದ್ಯಕ್ಕೆ ಎರಡು ನಿಮಿಷ ಅಂದುಕೊಂಡರೂ ಇಪ್ಪತ್ತು ನಿಮಿಷ ಹೋಯಿತು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಉಳಿದದ್ದು ಎಷ್ಟು? ಅದಕ್ಕೇ ಸಂಗೀತದ ಮೇಷ್ಟ್ರಿಗೆ ಕ್ಲಾಸಿಗೆ ಮುಂಚಿನ ಒಂದು ಪೀರಿಯಡ್ ಖಾಲಿ ಬಿಡಿ, ಆ ಖಾಲಿ ಪೀರಿಯಡ್‌ಗೆ ಅವರನ್ನು ಬೇರೆ ತರಗತಿ ನೋಡಿಕೊಳ್ಳಲು ಕಳಿಸಬೇಡಿ. ಆ ಸಮಯದಲ್ಲಿ ಅವರು ಬಿಡುವಾಗಿ ಕೂತಿಲ್ಲ, ಕೆಲಸ ಮಾಡುತ್ತಿದ್ದಾರೆ ಅಂತ ಸ್ಟಾಫ್ ರೂಮಿಗೂ ಗೊತ್ತಿರಲಿ.

ಸಾಧ್ಯವಾದರೆ ಎರಡು ಪೀರಿಯಡ್ ಒಟ್ಟಿಗೆ ಕೊಡಿ. ನಾಟಕಕ್ಕಂತೂ ನಲವತ್ತು ನಿಮಿಷ ಏನೂ ಅಲ್ಲ, ಹಾಲಿನ ಬೆಂಚು ಸರಿಸಿ ಮೈ ಬಿಸಿ ಮಾಡುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಸಿಬಿಎಸ್‌ಇ 2019ರಲ್ಲೇ 1ರಿಂದ 12ನೇ ತರಗತಿವರೆಗೆ ಕಲಾ ಶಿಕ್ಷಣಕ್ಕೆ ವಾರಕ್ಕೆ ಕನಿಷ್ಠ 2 ಪೀರಿಯಡ್ ಇಡಬೇಕು ಅಂತ ಹೇಳಿದೆ. ಬೇರೆ ಬೋರ್ಡಿನ ಶಾಲೆಗಳೂ ಅಷ್ಟನ್ನಾದರೂ ಇಟ್ಟುಕೊಳ್ಳಲಿ. ಗಣಿತದ ಪೋರ್ಷನ್ ಮುಗಿದಿಲ್ಲ ಅಂತ ಸಂಗೀತದ ಪೀರಿಯಡ್ ಕಿತ್ತುಕೊಳ್ಳುವುದನ್ನು ಮಾತ್ರ ಮುಖ್ಯೋಪಾಧ್ಯಾಯರೇ ನಿಂತು ತಡೆಯಬೇಕು. ಗೌರವಧನದ ಮೇಲೆ ಬರುವ ಮೇಷ್ಟ್ರಿಗೆ ಗಣಿತದ ಹಿರಿಯ ಟೀಚರ್ ಮುಂದೆ ಇಲ್ಲ ಅನ್ನುವ ಧೈರ್ಯ ಇರುವುದಿಲ್ಲ, ಅಲ್ವಾ?

ಈಗ ವಾದ್ಯ ಕೊಳ್ಳಿ

ಮೇಷ್ಟ್ರು ಬಂದಾಯಿತು. ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ. ಪಟ್ಟಿ ಮಾಡುವ ಮೊದಲು ಎಲ್ಲ ಮೇಷ್ಟ್ರನ್ನೂ ಒಟ್ಟಿಗೆ ಕೂರಿಸಿ ಒಂದು ವಿಷಯ ತೀರ್ಮಾನ ಮಾಡಿಸಿ: ಶಾಲೆಯ ಶ್ರುತಿ, ಅಂದರೆ ಎಲ್ಲರೂ ಹಿಡಿಯುವ ಆಧಾರ ಸ್ವರ, ಯಾವುದು?

ಇದನ್ನು ಬಹಳ ಜನ ಯೋಚಿಸುವುದಿಲ್ಲ. ಕೊಳಲಿನ ಶ್ರುತಿ ಬಿದಿರಿನಲ್ಲೇ ಕೂತಿರುತ್ತದೆ, ಬದಲಿಸಲು ಆಗುವುದಿಲ್ಲ. ಮೃದಂಗವನ್ನು ಸ್ವಲ್ಪ ಏರಿಸಿ ಇಳಿಸಬಹುದು, ಜಾಸ್ತಿ ಎಳೆದರೆ ಮುಚ್ಚಿಗೆ (ಮುಖಕ್ಕೆ ಹೊದಿಸಿದ ಚರ್ಮ) ಹರಿಯುತ್ತದೆ. ವೀಣೆಗೂ ಒಂದು ಮಿತಿ ಇದೆ. ಪಿಟೀಲು ಮಾತ್ರ ಒಂದಿಷ್ಟು ಅತ್ತ ಇತ್ತ ಹೊಂದಿಕೊಳ್ಳುತ್ತದೆ. ಒಬ್ಬರು ಐದು ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ, ಅಂದರೆ ಜಿ) ಶ್ರುತಿಯ ಕೊಳಲು ತಂದು, ಇನ್ನೊಬ್ಬರು ಎರಡು ಮನೆಗೆ ಕೂರುವ ಮೃದಂಗ ತಂದರೆ ಆ ಎರಡು ವಾದ್ಯ ಎಂದಿಗೂ ಒಟ್ಟಿಗೆ ನುಡಿಯುವುದಿಲ್ಲ. ಮಕ್ಕಳ ಗಂಟಲು ಸಾಮಾನ್ಯವಾಗಿ ಐದು ಮನೆಯ ಆಸುಪಾಸಿನಲ್ಲಿ ಆರಾಮಾಗಿ ಹಾಡುತ್ತದೆ. ಅದನ್ನೇ ಶಾಲೆಯ ಶ್ರುತಿ ಅಂತ ಇಟ್ಟುಕೊಂಡರೆ ಹಾಡು, ಕೊಳಲು, ಪಿಟೀಲು, ಮೃದಂಗ ಒಂದೇ ವೇದಿಕೆಯಲ್ಲಿ ಕೂರಬಹುದು. ಆ ಶ್ರುತಿಯ ಕೊಳಲು ಉದ್ದವೂ ಅಲ್ಲ, ಚಿಕ್ಕ ಬೆರಳುಗಳಿಗೆ ರಂಧ್ರ ಮುಚ್ಚಲು ಎಟುಕುತ್ತದೆ.

ಪಿಟೀಲಿನಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಅಳತೆಗಳಿವೆ. ಕೈ ಉದ್ದ ನೋಡಿ ಕೊಡಬೇಕು, ಮುಂದೆ ಬೆಳೆಯುತ್ತಾರೆ ಅಂತ ದೊಡ್ಡದು ತರಬೇಡಿ, ಅದು ಯೂನಿಫಾರಂ ಅಲ್ಲ. ತೀರಾ ಅಗ್ಗದ ಪಿಟೀಲಿನಲ್ಲಿ ಬಿರಡೆ ನಿಲ್ಲುವುದಿಲ್ಲ, ತಂತಿ ಹೊರುವ ಕುದುರೆ ವಾಲುತ್ತದೆ, ಮಗು ತನಗೇ ಬರುತ್ತಿಲ್ಲ ಅಂದುಕೊಳ್ಳುತ್ತದೆ. ಹತ್ತು ಅಗ್ಗದ್ದರ ಬದಲು ಆರು ಒಳ್ಳೆಯದು ತನ್ನಿ, ಮಕ್ಕಳು ಸರದಿಯಲ್ಲಿ ನುಡಿಸಲಿ. ವೀಣೆ ಒಂದೋ ಎರಡೋ ಸಾಕು. ಮಲೆನಾಡು, ಕರಾವಳಿಯಲ್ಲಿ ಜೂನ್ ಬಂತೆಂದರೆ ಚರ್ಮದ ವಾದ್ಯ ಸಡಿಲಾಗುತ್ತದೆ. ಅಲ್ಲಿ ಚರ್ಮದ ಬಾರಿನ ಬದಲು ಬೋಲ್ಟ್ ಹಾಕಿದ ಮೃದಂಗ ಇದ್ದರೆ ಶ್ರುತಿ ಮಾಡುವುದು ಸುಲಭ. ಇಡುವ ಜಾಗ ಗೋಡೆಯಿಂದ ದೂರ, ನೆಲದಿಂದ ಮೇಲೆ ಇರಲಿ.

ಖರೀದಿಯ ದುಡ್ಡಿನಲ್ಲೇ ಪ್ರತಿವರ್ಷ ತಂತಿ, ಕಮಾನಿನ ಕೂದಲು, ಮುಚ್ಚಿಗೆ ಬದಲಿಸಲು ಅಂತ ಒಂದು ಪಾಲು ತೆಗೆದಿಡಿ. ತಂತಿ ಹರಿದ ಪಿಟೀಲು ಎರಡು ತಿಂಗಳು ಮೂಲೆಯಲ್ಲಿದ್ದರೆ ಅದನ್ನು ನುಡಿಸುತ್ತಿದ್ದ ಮಗುವೂ ಮೂಲೆಗೆ ಬಿತ್ತು ಅಂತಲೇ.

ವಾದ್ಯದವರೂ ನಾಟಕದವರೂ ಒಟ್ಟಿಗೆ ಕೆಲಸ ಮಾಡಲಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಕನ್ನಡ ರಂಗಭೂಮಿ ಹಾಡಿನ ಮೇಲೆ ನಿಂತಿದೆ. ಕಂಪನಿ ನಾಟಕದ ಕಾಲದಲ್ಲಿ ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ಪರದೆ ಏಳುತ್ತಿರಲಿಲ್ಲ. ಬಿ.ವಿ. ಕಾರಂತರು ಅಂಥ ಕಂಪನಿಯಿಂದಲೇ ಬಂದವರು, 1989ರಲ್ಲಿ ರಂಗಾಯಣ ಕಟ್ಟಿದವರು, ಕೈಗೆ ಸಿಕ್ಕ ಪಾತ್ರೆ, ಕೋಲು, ಕಲ್ಲಿನಲ್ಲೂ ನಾಟಕಕ್ಕೆ ಸಂಗೀತ ತೆಗೆದವರು. ಇಂಥ ನಾಡಿನಲ್ಲಿ ಶಾಲೆಯ ನಾಟಕ ಪೆನ್‌ಡ್ರೈವ್‌ನ ಟ್ರ್ಯಾಕ್ ಮೇಲೆ ನಡೆಯುವುದು ನೋಡಿದರೆ ಸಂಕಟ ಆಗುತ್ತದೆ.

ಅದಕ್ಕೆ ಹೀಗೆ ಮಾಡಿ. ಜುಲೈನಲ್ಲೇ ನಾಟಕದ ಮೇಷ್ಟ್ರು ಒಂದು ಕಥೆ ಆರಿಸಲಿ. ವಾದ್ಯದ ಮೇಷ್ಟ್ರುಗಳು ಅದನ್ನು ಓದಲಿ. ಸರಳೆ, ಜಂಟಿ ಮಾತ್ರ ಬರುವ ಮಕ್ಕಳು ನಾಟಕಕ್ಕೆ ಏನು ನುಡಿಸಬಲ್ಲರು ಅಂತ ಕೂತು ಮಾತಾಡಲಿ. ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಾಧ್ಯ. ಮಳೆ ಬರುವಾಗ ಪಿಟೀಲಿನ ತಂತಿಗಳನ್ನು ಬೆರಳಲ್ಲಿ ಮೀಟುವುದು, ರಾಜ ಬರುವಾಗ ಏರುವ ಸ್ವರ, ಹೋಗುವಾಗ ಇಳಿಯುವ ಸ್ವರ, ಕಾಡಿನ ದೃಶ್ಯಕ್ಕೆ ಒಂದೇ ಷಡ್ಜದ ಮೇಲೆ ನಾಲ್ಕು ಕೊಳಲು, ಜಗಳಕ್ಕೆ ಮೃದಂಗದ ತ ದಿ ತೊಂ ನಂ ಅನ್ನುವ ನಾಲ್ಕೇ ಪಾಟಾಕ್ಷರ. ತನಗೆ ಬರುವ ಮೂರು ಸ್ವರಕ್ಕೆ ಒಂದು ಕೆಲಸ ಇದೆ ಅಂತ ಮಗುವಿಗೆ ಗೊತ್ತಾದ ದಿನದಿಂದ ಅಭ್ಯಾಸ ಮಾಡು ಅಂತ ಹೇಳುವ ಅಗತ್ಯ ಬರುವುದಿಲ್ಲ. ವೇದಿಕೆಯ ಮೇಲೆ ಮಾತಾಡಲು ನಾಚುವ ಮಗು ಪಕ್ಕದಲ್ಲಿ ಕೂತು ಇಡೀ ನಾಟಕವನ್ನು ಹಿಡಿದಿರಬಹುದು.

ಆದರೆ ಮೇಷ್ಟ್ರನ್ನು ವಾರ್ಷಿಕೋತ್ಸವಕ್ಕೆ ಮಾತ್ರ ದುಡಿಸಬೇಡಿ. ಡಿಸೆಂಬರ್ ಬಂತೆಂದರೆ ಎಲ್ಲ ಪಾಠ ನಿಲ್ಲಿಸಿ ಹನ್ನೆರಡು ಐಟಂ ತಯಾರು ಮಾಡಿ ಅಂದರೆ ಆ ವರ್ಷ ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ. ಪ್ರತಿಭಾ ಕಾರಂಜಿ, ಕಲೋತ್ಸವಕ್ಕೂ ಇದೇ ಮಾತು. ಸ್ಪರ್ಧೆಗೆ ಹೋಗುವ ಮೂರು ಮಕ್ಕಳಿಗೆ ಮೇಷ್ಟ್ರ ಸಮಯ ಪೂರ್ತಿ ಹೋಗಿ, ಉಳಿದವರ ಕ್ಲಾಸ್ ರದ್ದಾಗಬಾರದು. ಬಹುಮಾನದ ಲೆಕ್ಕದ ಮೇಲೆ ಮೇಷ್ಟ್ರನ್ನು ಅಳೆಯಬೇಡಿ. ವರ್ಷದ ಆರಂಭದಲ್ಲಿ ಸೇರಿದ ಮಕ್ಕಳಲ್ಲಿ ಎಷ್ಟು ಜನ ಕೊನೆಗೂ ಉಳಿದಿದ್ದಾರೆ ಅಂತ ನೋಡಿ.

ಸಂಬಳ, ಕಾಗದಪತ್ರ, ಸುರಕ್ಷತೆ

ಈ ಮೇಷ್ಟ್ರುಗಳು ಬಿಟ್ಟು ಹೋಗಲು ದೊಡ್ಡ ಕಾರಣ ಏಪ್ರಿಲ್, ಮೇ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಆ ಎರಡು ತಿಂಗಳು ಅವರ ಮನೆ ನಡೆಯುವುದಿಲ್ಲ. ಜೂನ್‌ನಲ್ಲಿ ನೀವು ಫೋನ್ ಮಾಡುವಷ್ಟರಲ್ಲಿ ಅವರು ಬೇರೆ ಕಡೆ ಸೇರಿರುತ್ತಾರೆ, ನಿಮ್ಮ ಮಕ್ಕಳು ಮತ್ತೆ ಸರಳೆಯಿಂದ ಶುರು. ವರ್ಷದ ಒಟ್ಟು ಮೊತ್ತ ಮಾತಾಡಿ 12 ಭಾಗ ಮಾಡಿ ಪ್ರತಿ ತಿಂಗಳು ಕೊಡಿ. ನಿಮಗೆ ಖರ್ಚು ಅಷ್ಟೇ, ಅವರಿಗೆ ನೆಮ್ಮದಿ.

ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ವಾರಕ್ಕೆ ಎಷ್ಟು ಪೀರಿಯಡ್, ಶ್ರುತಿಗೆ ಎಷ್ಟು ಸಮಯ, ಸಂಜೆ ರಿಹರ್ಸಲ್‌ಗೆ ಹೆಚ್ಚಿನ ದುಡ್ಡು ಎಷ್ಟು, ವಾದ್ಯ ಕೆಟ್ಟರೆ ಯಾರ ಹೊಣೆ, ಅವರ ಸ್ವಂತ ಸಂಗೀತ ಕಚೇರಿ ಅಥವಾ ನಾಟಕ ಇದ್ದರೆ ವರ್ಷಕ್ಕೆ ಎಷ್ಟು ದಿನ ರಜೆ. ಕೊನೆಯದನ್ನು ಖಂಡಿತ ಬರೆಯಿರಿ. ತಾನೂ ನುಡಿಸುತ್ತಿರುವ, ತಾನೂ ರಂಗದ ಮೇಲಿರುವ ಮೇಷ್ಟ್ರಿಂದ ಮಕ್ಕಳು ಕಲಿಯುವುದು ಬೇರೆಯೇ. ಅವರ ಕಚೇರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ಎಷ್ಟೇ ದೊಡ್ಡ ಕಲಾವಿದರಾದರೂ ಪೊಲೀಸ್ ಪರಿಶೀಲನೆ ಆಗಲಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಅಂತ ಸೇರಿದ ದಿನವೇ ತಿಳಿಸಿ. ವಾದ್ಯ ಕಲಿಸುವಾಗ ಕೈ, ಭುಜ, ಬೆರಳು ತಿದ್ದಬೇಕಾಗುತ್ತದೆ, ಮುಟ್ಟುವ ಮೊದಲು ಮಗುವನ್ನು ಕೇಳುವ ರೂಢಿ ಇರಲಿ, ಸಾಧ್ಯವಾದಷ್ಟು ತಮ್ಮ ಕೈಯಲ್ಲಿ ತೋರಿಸಿ ಕಲಿಸಲಿ. ಒಂದೇ ಮಗುವಿಗೆ ಪಾಠ ಇದ್ದರೆ ಬಾಗಿಲು ತೆರೆದಿರಲಿ. ಸಂಜೆ ರಿಹರ್ಸಲ್ ಇದ್ದಾಗ ಶಾಲೆಯ ಇನ್ನೊಬ್ಬ ಟೀಚರ್ ಇರಲೇಬೇಕು, ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಮನೆಗಳಿಗೆ ಮೊದಲೇ ಗೊತ್ತಿರಲಿ. ಇದರಿಂದ ಮಕ್ಕಳಿಗೂ ರಕ್ಷಣೆ, ಮೇಷ್ಟ್ರಿಗೂ ರಕ್ಷಣೆ.

ಮನೆಯವರನ್ನು ವರ್ಷಕ್ಕೆ ಎರಡು ಸಲವಾದರೂ ಕರೆಯಿರಿ, ವೇದಿಕೆಯ ಕಾರ್ಯಕ್ರಮಕ್ಕಲ್ಲ, ತರಗತಿಗೆ. ಕಮಾನು ಹಿಡಿಯುವುದು ಎಷ್ಟು ಕಷ್ಟ ಅಂತ ಒಮ್ಮೆ ಕಣ್ಣಾರೆ ಕಂಡ ಅಪ್ಪ ಅಮ್ಮ, ಮನೆಯಲ್ಲಿ ಕಿರ್ರ್ ಸದ್ದಿಗೆ ಬೈಯುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು ಅಂತ ಮೇಷ್ಟ್ರ ಬಾಯಿಂದಲೇ ಹೇಳಿಸಿ. 9ನೇ ತರಗತಿಗೆ ಬಂದ ಕೂಡಲೇ ಎಸ್‌ಎಸ್‌ಎಲ್‌ಸಿ ನೆಪದಲ್ಲಿ ಬಿಡಿಸುವ ಮನೆಗಳಿರುತ್ತವೆ. ಅವರ ಜೊತೆ 8ನೇ ತರಗತಿಯಲ್ಲೇ ಮಾತಾಡಿ. ಪೂರ್ತಿ ಬಿಡುವ ಬದಲು ವಾರಕ್ಕೆ ಒಂದು ಪೀರಿಯಡ್‌ಗೆ ಇಳಿಸಿದರೆ ಕೈ ಮರೆಯುವುದಿಲ್ಲ.

ಮಾರ್ಚ್‌ನಲ್ಲಿ, ಮುಂದಿನ ವರ್ಷದ ಟೈಮ್‌ಟೇಬಲ್ ಕೂರುವ ಮೊದಲು, ಈ ಮೇಷ್ಟ್ರುಗಳ ಜೊತೆ ಅರ್ಧ ದಿನ ಕೂರಿ. ಯಾವ ಮಗು ಅರ್ಧ ಅಳತೆಯಿಂದ ಮುಕ್ಕಾಲಿಗೆ ಹೋಗಬೇಕು, ಯಾರು ಜೂನಿಯರ್ ಪರೀಕ್ಷೆಗೆ ಸಿದ್ಧ, ಯಾವ ಮೃದಂಗಕ್ಕೆ ಹೊಸ ಮುಚ್ಚಿಗೆ ಬೇಕು, ಯಾವ ಪೀರಿಯಡ್ ಎಷ್ಟು ಸಲ ಬೇರೆಯವರಿಗೆ ಹೋಯಿತು ಅಂತ ಅವರ ಕೈಯಲ್ಲೇ ಬರೆಸಿ. ಆ ಕಾಗದವನ್ನು ಬಜೆಟ್ ಮೀಟಿಂಗಿಗೆ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಅವರಲ್ಲಿ ಒಬ್ಬರನ್ನೂ ಆ ಮೀಟಿಂಗಿನಲ್ಲಿ ಕೂರಿಸಿ.